ನಾಲ್ವರು ಗೆಳೆಯರು, ಏಳು ದಿನ ರಜೆ, ಗುಲ್ಮಾರ್ಗ್‌ನ ಹಿಮ: ಸ್ಕೀ ಟೂರಿಂಗ್‌ಗೆ ಹೊರಡುವ ಮುನ್ನ

ಪ್ರಶ್ನೆ: ನಾವು ಬೆಂಗಳೂರಿನ ಒಂದೇ ಆಫೀಸಿನ ನಾಲ್ವರು. ಇಬ್ಬರು ಔಲಿಯಲ್ಲಿ 14 ದಿನಗಳ ಸ್ಕೀ ಕೋರ್ಸ್ ಮುಗಿಸಿದ್ದೇವೆ. ಒಬ್ಬ ಗುಲ್ಮಾರ್ಗ್‌ನಲ್ಲಿ ಎರಡು ಸೀಸನ್ ಸ್ಕೀ ಮಾಡಿದ್ದಾನೆ. ನಾಲ್ಕನೆಯವಳು ಚಳಿಗಾಲದಲ್ಲಿ ಕೇದಾರಕಂಠ ಹತ್ತಿದ್ದಾಳೆ, ಆದರೆ ಸ್ಕೀ ಮೇಲೆ ನಿಂತಿರುವುದು ಮೂರೇ ದಿನ. ಫೆಬ್ರುವರಿಯಲ್ಲಿ ಏಳು ದಿನ ರಜೆ ಸಿಕ್ಕಿದೆ. ಗುಲ್ಮಾರ್ಗ್ ಗೊಂಡೋಲಾದಲ್ಲಿ (ಕೇಬಲ್ ಕಾರ್) ಅಫರ್ವಾಟ್ ಬೆಟ್ಟಕ್ಕೆ ಹೋಗಿ, ಅಲ್ಲಿಂದ ಜನರಿಲ್ಲದ ಕಡೆ ಸ್ಕಿನ್ (ಹಿಂದಕ್ಕೆ ಜಾರದಂತೆ ಸ್ಕೀಯ ತಳಕ್ಕೆ ಅಂಟಿಸುವ ಪಟ್ಟಿ) ಹಾಕಿಕೊಂಡು ಹತ್ತಿ, ದ್ರಂಗ್ ಅಥವಾ ಬಾಬಾರೇಶಿ ಕಡೆ ಇಳಿಯುವ ಆಸೆ. ಗೈಡ್ ಇಲ್ಲದೆ ಹೋಗಬಹುದೇ? ಏನೇನು ಸಾಮಾನು ಬೇಕು? ಬೆಂಗಳೂರಿನಲ್ಲಿ ಇದ್ದುಕೊಂಡೇ ಏನು ತಯಾರಿ ಸಾಧ್ಯ? ಟಿಕೆಟ್ ಈಗಲೇ ಬುಕ್ ಮಾಡಲೇ?

ಉತ್ತರ: ಗೈಡ್ ಇಲ್ಲದೆ ಹೋಗಬೇಡಿ. ಗೈಡ್ ಇದ್ದರೂ ನಾಲ್ವರೂ ಒಟ್ಟಿಗೆ ಅಫರ್ವಾಟ್‌ನಿಂದ ಇಳಿಯುವ ಯೋಜನೆ ಈ ಫೆಬ್ರುವರಿಗೆ ಬೇಡ. ಹಾಗೆಂದು ಪ್ರವಾಸವನ್ನೇ ಕೈಬಿಡಬೇಕಿಲ್ಲ. ಆ ಏಳು ದಿನಗಳಲ್ಲಿ ಸ್ಕಿನ್ ಹಾಕಿ ಹತ್ತುವುದು, ಕಾಡಿನ ಸೌಮ್ಯ ಇಳಿಜಾರಿನಲ್ಲಿ ಇಳಿಯುವುದು, ಹಿಮದಡಿ ಹೂತುಹೋದವರನ್ನು ಹುಡುಕುವುದು, ಇವು ಮೂರನ್ನೂ ನೀವು ಚೆನ್ನಾಗಿ ಕಲಿತು ಬರಬಹುದು. ಹಾಗೆ ಕಲಿತವರಿಗೆ ಮುಂದಿನ ವರ್ಷ ಅಫರ್ವಾಟ್ ನಿಜವಾಗಿಯೂ ತೆರೆದುಕೊಳ್ಳುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಅನುಭವದ ಕೊರತೆಯಲ್ಲ, ‘ಏಳು ದಿನ ರಜೆ’ ಎಂಬ ಮಾತು. ಗುಲ್ಮಾರ್ಗ್ ಪಕ್ಕದಲ್ಲೇ ಇರುವವರು ಹಿಮ ಸರಿಯಿಲ್ಲದಿದ್ದರೆ ಮನೆಯಲ್ಲಿ ಕೂತು ಮುಂದಿನ ವಾರ ಹೋಗುತ್ತಾರೆ. ಬೆಂಗಳೂರಿನವರಿಗೆ ಆ ಅನುಕೂಲ ಇಲ್ಲ. ಟಿಕೆಟ್‌ಗೆ, ಹೋಟೆಲಿಗೆ ಹಣ ಕೊಟ್ಟಾಗಿದೆ, ಮ್ಯಾನೇಜರ್ ಹತ್ತಿರ ಕಾಡಿಬೇಡಿ ರಜೆ ಪಡೆದಾಗಿದೆ. ಮೊದಲ ಮೂರು ದಿನ ಬಿರುಗಾಳಿ, ಗೊಂಡೋಲಾ ಬಂದ್. ನಾಲ್ಕನೇ ದಿನ ಆಕಾಶ ನೀಲಿ, ಅರ್ಧ ಮೀಟರ್ ಹೊಸ ಹಿಮ, ಉಳಿದಿರುವುದು ಎರಡೇ ದಿನ. ಬೆಟ್ಟ ಅತ್ಯಂತ ಅಪಾಯಕಾರಿಯಾಗಿರುವುದು ಆ ಬೆಳಿಗ್ಗೆಯೇ, ಹೊರಡಲೇಬೇಕೆಂಬ ಒತ್ತಡ ಅತಿ ಹೆಚ್ಚಾಗಿರುವುದೂ ಆ ಬೆಳಿಗ್ಗೆಯೇ. ಮುಂದೆ ನಾನು ಹೇಳುವ ಪ್ರತಿಯೊಂದೂ ಆ ಒಂದು ಬೆಳಿಗ್ಗೆ ನೀವು ಸರಿಯಾಗಿ ನಿರ್ಧರಿಸಬೇಕೆಂಬ ಕಾಳಜಿಯಿಂದ.

ಮೊದಲು ಜಾಗದ ಬಗ್ಗೆ. ಗುಲ್ಮಾರ್ಗ್ ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾದ ಮೊದಲ ಹಂತ ಕೊಂಗ್‌ದೂರಿಗೆ, ಅಂದರೆ ಸುಮಾರು 3,080 ಮೀಟರಿಗೆ ಒಯ್ಯುತ್ತದೆ. ಎರಡನೇ ಹಂತ ಅಫರ್ವಾಟ್ ಏಣಿನ ಹತ್ತಿರ, ಸುಮಾರು 3,950 ಮೀಟರಿಗೆ. ಅಲ್ಲಿ ಸ್ಕೀ ಪೆಟ್ರೋಲ್‌ನವರು (ಇಳಿಜಾರಿನ ಸುರಕ್ಷತೆ ನೋಡುವ ಗಸ್ತು ತಂಡ) ನೋಡಿಕೊಳ್ಳುವುದು ಗೊಂಡೋಲಾ ಕೆಳಗಿನ ಒಂದು ಭಾಗವನ್ನು ಮಾತ್ರ. ಅದರ ಎಡಕ್ಕೋ ಬಲಕ್ಕೋ ನೂರು ಮೀಟರ್ ಸರಿದರೆ ಸಾಕು, ನೀವು ಪೂರ್ತಿ ಕಾಡು ಬೆಟ್ಟದಲ್ಲಿದ್ದೀರಿ. ಗೊಂಡೋಲಾ ಕಣ್ಣಿಗೆ ಕಾಣುತ್ತಿದೆ ಎಂಬುದು ರಕ್ಷಣೆಯಲ್ಲ. 2023ರ ಫೆಬ್ರುವರಿ 1ರಂದು ಅಫರ್ವಾಟ್‌ನ ಹಾಪತ್‌ಖುಡ್‌ನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. 2024ರ ಫೆಬ್ರುವರಿ 22ರಂದು ಖಿಲನ್‌ಮರ್ಗ್ ಬಳಿ ಮತ್ತೊಬ್ಬ ವಿದೇಶಿ ಸ್ಕೀಯರ್ ಸತ್ತರು. ಎರಡೂ ಫೆಬ್ರುವರಿ, ನೀವು ಹೋಗಬೇಕೆಂದಿರುವ ತಿಂಗಳು. ಇನ್ನೊಂದು ವಿಷಯ: ಅಫರ್ವಾಟ್ ಏಣಿನ ಆಚೆ ನಿಯಂತ್ರಣ ರೇಖೆ ಹತ್ತಿರ, ಸೇನೆಯ ಪ್ರದೇಶ. ಏಣು ದಾಟಿ ಆ ಕಡೆ ಇಳಿಯುವ ಯೋಚನೆಯೇ ಬೇಡ. ಯಾವ ಭಾಗ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಪ್ರತಿದಿನ ಬೆಳಿಗ್ಗೆ ಸ್ಕೀ ಪೆಟ್ರೋಲ್‌ನವರನ್ನೇ ಕೇಳಿ.

ನಮ್ಮ ಪತ್ರಿಕೆಗಳಲ್ಲಿ ‘ಹಿಮಪಾತ’ ಎಂಬ ಒಂದೇ ಪದವನ್ನು ಹಿಮ ಬೀಳುವುದಕ್ಕೂ ಹಿಮ ಕುಸಿಯುವುದಕ್ಕೂ ಬಳಸುತ್ತಾರೆ. ಇಲ್ಲಿ ನಾನು ಎರಡನೆಯದಕ್ಕೆ ಹಿಮಕುಸಿತ ಎನ್ನುತ್ತೇನೆ. ಸ್ಕೀಯರ್‌ಗಳನ್ನು ಕೊಲ್ಲುವುದು ಬಹುಪಾಲು ಚಪ್ಪಡಿ ಕುಸಿತ. ಮೇಲೆ ಗಟ್ಟಿಯಾಗಿ ಹೆಣೆದುಕೊಂಡ ಹಿಮದ ಚಪ್ಪಡಿ, ಅದರ ಕೆಳಗೆ ಒಂದಕ್ಕೊಂದು ಅಂಟದ ಸಡಿಲ ಪದರ. ಸಕ್ಕರೆ ಹರಡಿದ ಓರೆ ಹಲಗೆಯ ಮೇಲೆ ಚಪ್ಪಡಿ ಕಲ್ಲು ಇಟ್ಟಂತೆ. ನಿಮ್ಮ ಭಾರ ಆ ಸಡಿಲ ಪದರವನ್ನು ಒಂದು ಕಡೆ ಮುರಿದರೆ, ಬಿರುಕು ಕ್ಷಣದಲ್ಲಿ ಹತ್ತಾರು ಮೀಟರ್ ಓಡಿ ಇಡೀ ಚಪ್ಪಡಿ ನಿಮ್ಮನ್ನೂ ಹೊತ್ತು ಜಾರುತ್ತದೆ. ಜೀವ ತೆಗೆದ ಹೆಚ್ಚಿನ ಕುಸಿತಗಳನ್ನು ಎಬ್ಬಿಸಿದ್ದು ಸಿಕ್ಕಿಕೊಂಡವರೇ ಅಥವಾ ಅವರ ಜೊತೆಗಾರರೇ. ಅಂದರೆ ಇದು ಆಕಾಶದಿಂದ ಬೀಳುವ ವಿಧಿಯಲ್ಲ. ಎಲ್ಲಿ ಕಾಲಿಡುತ್ತೇವೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಆ ಸಕ್ಕರೆ ಪದರ ಹುಟ್ಟುವ ಬಗೆ ಗೊತ್ತಿದ್ದರೆ ಅಪಾಯವನ್ನು ಊರಿಂದಲೇ ಸ್ವಲ್ಪ ಅಂದಾಜು ಮಾಡಬಹುದು. ನೆಲಕ್ಕೆ ತಾಗಿದ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೋಡವಿಲ್ಲದ ರಾತ್ರಿ ಮೇಲ್ಮೈ ಅದಕ್ಕಿಂತ ಬಹಳ ತಣ್ಣಗಾಗುತ್ತದೆ. ಹಿಮದ ಪದರ ತೆಳುವಾಗಿದ್ದಷ್ಟೂ ಕೆಳಗಿನಿಂದ ಮೇಲಕ್ಕೆ ಉಷ್ಣತೆಯ ವ್ಯತ್ಯಾಸ ತೀವ್ರ. ಕೆಳಗಿನ ಆವಿ ಮೇಲೇರುತ್ತಾ ಹರಳುಗಳ ಮೇಲೆ ಕೂತು, ದುಂಡಗಿದ್ದ ಕಣಗಳನ್ನು ಮೂಲೆಗಳಿರುವ, ಒಂದನ್ನೊಂದು ಹಿಡಿಯದ ಹರಳುಗಳನ್ನಾಗಿ ಮಾಡುತ್ತದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಕಡು ಚಳಿಗೆ ಚಿಲ್ಲೈ ಕಲಾನ್ ಎನ್ನುತ್ತಾರೆ. ಆ 40 ದಿನ ಚಳಿ ಇದ್ದು ಹಿಮ ಕಡಿಮೆ ಬಿದ್ದರೆ, ತಳದಲ್ಲಿ ಸಕ್ಕರೆ ತಯಾರಾಗುತ್ತಿದೆ ಎಂದೇ ತಿಳಿಯಿರಿ. 2024ರ ಜನವರಿಯಲ್ಲಿ ಗುಲ್ಮಾರ್ಗ್ ತಿಂಗಳ ಕೊನೆಯವರೆಗೂ ಬೋಳಾಗಿತ್ತು, ಆಮೇಲೆ ಜೋರು ಹಿಮ ಬಿತ್ತು. ಅಂಥ ವರ್ಷಗಳಲ್ಲಿ ಮೇಲಿನ ಹೊಸ ಹಿಮ ಎಷ್ಟು ಸುಂದರವಾಗಿದ್ದರೂ ತಳವನ್ನು ನಂಬುವಂತಿಲ್ಲ. ನೀವು ಮಾಡಬೇಕಾದದ್ದು ಇಷ್ಟು: ಡಿಸೆಂಬರ್ ಮಧ್ಯದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಎಂದು ಎಷ್ಟು ಹಿಮ ಬಿತ್ತು, ಎಷ್ಟು ದಿನ ಬಿಸಿಲಿತ್ತು, ಗಾಳಿ ಯಾವ ಕಡೆಯಿಂದ ಎಂದು ಬರೆದುಕೊಳ್ಳುತ್ತಾ ಹೋಗಿ. ಗುಲ್ಮಾರ್ಗ್ ತಲುಪುವ ಹೊತ್ತಿಗೆ ಆ ಹಿಮದ ಜಾತಕ ನಿಮ್ಮ ಕೈಯಲ್ಲಿರುತ್ತದೆ.

ಗಾಳಿಯನ್ನು ಬೆಂಗಳೂರಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಮ ಬೀಳದೆಯೂ ಗಾಳಿಯೊಂದೇ ಒಂದು ರಾತ್ರಿಯಲ್ಲಿ ಏಣಿನ ಒಂದು ಮಗ್ಗುಲಿನ ಹಿಮವನ್ನೆಲ್ಲ ಕೆರೆದು ಇನ್ನೊಂದು ಮಗ್ಗುಲಿಗೆ ಸುರಿಯಬಲ್ಲದು. ಚಳಿಗಾಲದ ಹಿಮ ತರುವ ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳು ಬರುವುದು ಪಶ್ಚಿಮದಿಂದ. ಅಫರ್ವಾಟ್‌ನಲ್ಲಿ ಸ್ಕೀ ಮಾಡುವ ಮಗ್ಗುಲು ಪೂರ್ವ, ಈಶಾನ್ಯಕ್ಕೆ ಮುಖಮಾಡಿ ಗಾಳಿಯ ಮರೆಯಲ್ಲಿದೆ. ಹಾಗಾಗಿ ಚಪ್ಪಡಿ ಕಟ್ಟುವುದು ಇಲ್ಲೇ. ಏಣಿನ ಅಂಚಿನಲ್ಲಿ ಕಿಟಕಿ ಮೇಲಿನ ಸಜ್ಜಾದಂತೆ ಹಿಮ ಹೊರಚಾಚಿದ್ದರೆ, ಅದರ ಮೇಲೂ ನಿಲ್ಲಬೇಡಿ, ಕೆಳಗೂ ಹೋಗಬೇಡಿ. ಕಾಲಿಟ್ಟಲ್ಲಿ ಹಿಮ ಡೋಲಿನಂತೆ ಟೊಳ್ಳು ಸದ್ದು ಮಾಡಿದರೆ ಗಾಳಿ ಕಟ್ಟಿದ ಚಪ್ಪಡಿಯ ಮೇಲಿದ್ದೀರಿ.

ಇಳಿಜಾರಿನ ಕೋನ ನಿಮಗಿರುವ ಅತ್ಯಂತ ನಂಬಿಕಸ್ತ ಆಯುಧ, ಏಕೆಂದರೆ ಅದು ದಿನದಿನಕ್ಕೆ ಬದಲಾಗುವುದಿಲ್ಲ. ಚಪ್ಪಡಿ ಕುಸಿತಗಳು ಬಹುತೇಕ ಶುರುವಾಗುವುದು 30ರಿಂದ 45 ಡಿಗ್ರಿ ನಡುವೆ, 38ರ ಆಸುಪಾಸಿನಲ್ಲಿ ಅತಿ ಹೆಚ್ಚು. ಸ್ಕೀ ಮಾಡಲು ಖುಷಿ ಕೊಡುವ ಇಳಿಜಾರೂ ಅದೇ. 30ಕ್ಕಿಂತ ಕಡಿಮೆ ಇರುವ ಕಡೆಯೇ ಓಡಾಡಿದರೆ ಅಪಾಯ ತೀರಾ ಇಳಿಯುತ್ತದೆ, ಆದರೆ ಒಂದು ಷರತ್ತು: ನಿಮ್ಮ ತಲೆಯ ಮೇಲೆ 30ಕ್ಕಿಂತ ಕಡಿದಾದ ಇಳಿಜಾರು ಇರಬಾರದು. ಸಮತಟ್ಟಾದ ಕಣಿವೆಯ ತಳದಲ್ಲಿ ನಡೆಯುವವರೂ ಮೇಲಿನ ಇಳಿಜಾರನ್ನು ಅಲ್ಲಿಂದಲೇ ಬೀಳಿಸಿಕೊಂಡದ್ದುಂಟು. ಕೋನವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ, ಹೊಸಬರ ಅಂದಾಜು ಐದು ಹತ್ತು ಡಿಗ್ರಿ ತಪ್ಪುತ್ತದೆ. ಸ್ಕೀ ಪೋಲನ್ನು ಇಳಿಜಾರಿನ ಮೇಲೆ ಮಲಗಿಸಿ, ಅದರ ಮೇಲೆ ಫೋನಿನ ಇಳಿಜಾರು ಮಾಪಕ ಇಟ್ಟು ನೋಡಿ. ನಕ್ಷೆಯಲ್ಲೂ ಕೋನಕ್ಕೆ ಬಣ್ಣ ಹಚ್ಚಿ ತೋರಿಸುವ ಆ್ಯಪ್‌ಗಳಿವೆ. ಅವನ್ನು ಮನೆಯಲ್ಲೇ ಆಫ್‌ಲೈನ್ ಇಳಿಸಿಕೊಳ್ಳಿ. ಆದರೆ ನಮ್ಮ ಹಿಮಾಲಯದ ಎತ್ತರದ ದತ್ತಾಂಶ ಒರಟು. 20 ಮೀಟರಿನ ಕಡಿದಾದ ಮೆಟ್ಟಿಲು ಅದರಲ್ಲಿ ಕಾಣಿಸದೇ ಹೋಗಬಹುದು.

ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಅಡಿಯ ಡಿಜಿಆರ್‌ಇ (ಡಿಫೆನ್ಸ್ ಜಿಯೋಇನ್‌ಫರ್ಮ್ಯಾಟಿಕ್ಸ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್) ಸಂಸ್ಥೆ ಚಳಿಗಾಲದಲ್ಲಿ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅಪಾಯವನ್ನು ಐದು ಮಟ್ಟಗಳಲ್ಲಿ ಹೇಳುತ್ತಾರೆ. ಅದು ಜಿಲ್ಲೆಯ ಮಟ್ಟದ ಮಾತು, ನಿಮ್ಮ ಮುಂದಿರುವ ಕೊರಕಲಿನದಲ್ಲ ಎಂಬುದು ನೆನಪಿರಲಿ. ನಿಮ್ಮಂಥ ಗುಂಪಿಗೆ ನಾನು ಹೇಳುವ ನಿಯಮ: ಮಟ್ಟ 1 ಅಥವಾ 2 ಇದ್ದರೆ 30 ಡಿಗ್ರಿಯೊಳಗೆ, ಗೈಡ್ ಒಪ್ಪಿದ ಕಡೆ ಮಾತ್ರ ಅದಕ್ಕಿಂತ ಸ್ವಲ್ಪ ಹೆಚ್ಚು. 3 ಇದ್ದರೆ 30ರೊಳಗೆ, ತಲೆಯ ಮೇಲೆ ಏನೂ ಇಲ್ಲದ ಕಾಡಿನಲ್ಲಿ. 4 ಅಥವಾ 5 ಇದ್ದರೆ ರೆಸಾರ್ಟಿನ ಒಳಗಿನ ತೆರೆದ ಇಳಿಜಾರು ಬಿಟ್ಟು ಎಲ್ಲಿಗೂ ಇಲ್ಲ. ಜಗತ್ತಿನಾದ್ಯಂತ ಸ್ಕೀಯರ್‌ಗಳು ಅತಿ ಹೆಚ್ಚು ಸಾಯುವುದು ಮಟ್ಟ 3ರಲ್ಲಿ. 5 ಇದ್ದಾಗ ಎಲ್ಲರೂ ಹೆದರಿ ಒಳಗಿರುತ್ತಾರೆ. 3 ಎಂದರೆ ‘ಮಧ್ಯಮ, ಪರವಾಗಿಲ್ಲ’ ಎಂದುಕೊಳ್ಳುತ್ತಾರೆ. ಅದರ ಅರ್ಥ ಒಬ್ಬ ಸ್ಕೀಯರ್‌ನ ಭಾರಕ್ಕೇ ಕಡಿದಾದ ಇಳಿಜಾರು ಬಿಟ್ಟುಕೊಳ್ಳಬಹುದು ಎಂದು.

ಬುಲೆಟಿನ್ ಏನೇ ಹೇಳಲಿ, ಈ ಸೂಚನೆಗಳಲ್ಲಿ ಒಂದು ಕಂಡರೂ ಕಡಿದಾದ ಕಡೆಯಿಂದ ಹಿಂದಿರುಗಿ: ಕಳೆದ 24 ಗಂಟೆಯಲ್ಲಿ 30 ಸೆಂಟಿಮೀಟರಿಗಿಂತ ಹೆಚ್ಚು ಹೊಸ ಹಿಮ, ಅಂಥದೇ ಇಳಿಜಾರಿನಲ್ಲಿ ತಾಜಾ ಕುಸಿತ, ಸ್ಕೀ ತುದಿಯಿಂದ ಮುಂದಕ್ಕೆ ಓಡುವ ಬಿರುಕು, ಕಾಲ ಕೆಳಗೆ ಇಡೀ ಹಿಮ ‘ಧುಪ್’ ಎಂದು ಕುಸಿದು ಕೂರುವ ಸದ್ದು, ದಿಢೀರ್ ಬಿಸಿಲೇರಿ ಹಿಮ ಒದ್ದೆಯಾಗುವುದು. ಆ ‘ಧುಪ್’ ಎಂಬುದು ಸಡಿಲ ಪದರ ಆಗಲೇ ಮುರಿದ ಸದ್ದು. ಇಳಿಜಾರು ಕಡಿದಾಗಿರಲಿಲ್ಲ ಎಂಬ ಒಂದೇ ಕಾರಣಕ್ಕೆ ನೀವು ಉಳಿದಿರುತ್ತೀರಿ. ಹಿಮ ಅಗೆದು ಪದರಗಳನ್ನು ಪರೀಕ್ಷಿಸುವ ವಿಧಾನಗಳನ್ನು ಗೈಡ್ ತೋರಿಸಿದರೆ ಖಂಡಿತ ನೋಡಿ ಕಲಿಯಿರಿ. ಆದರೆ ಒಂದು ಗುಂಡಿ ‘ಚೆನ್ನಾಗಿದೆ’ ಎಂದಿತೆಂದು ಕಡಿದಾದ ಇಳಿಜಾರಿಗೆ ಇಳಿಯಬೇಡಿ. ಹತ್ತು ಮೀಟರ್ ಆಚೆ ಹಿಮ ಬೇರೆಯೇ ಇರಬಹುದು.

ಈಗ ಸಾಮಾನು. ಪ್ರತಿಯೊಬ್ಬರ ಮೈಮೇಲೂ ಹಿಮಕುಸಿತದ ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚಲು ರೇಡಿಯೋ ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರತಿಯೊಬ್ಬರ ಚೀಲದಲ್ಲೂ ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು) ಮತ್ತು ಸಲಿಕೆ. ನಾಲ್ವರಿಗೆ ಎರಡು ಸೆಟ್ ಸಾಕು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಟ್ರಾನ್ಸೀವರ್ 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಮೂರು ಆ್ಯಂಟೆನಾ ಇರುವ ಡಿಜಿಟಲ್ ಮಾದರಿ ಇರಲಿ. ತಯಾರಕರು ಬೇರೆ ಹೇಳದಿದ್ದರೆ ಹೊಸ ಆಲ್ಕಲೈನ್ ಬ್ಯಾಟರಿ ಮಾತ್ರ. ರೀಚಾರ್ಜ್ ಮಾಡುವ ಸೆಲ್ ಹಾಕಿದರೆ ಉಳಿದ ಶೇಕಡಾವಾರು ಸುಳ್ಳು ತೋರಿಸಿ, ಚಳಿಯಲ್ಲಿ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಫೋನ್, ಪವರ್ ಬ್ಯಾಂಕ್, ಗೋಪ್ರೊ, ಬಿಸಿ ಮಾಡುವ ಕೈಗವಸು ಇವೆಲ್ಲ ಟ್ರಾನ್ಸೀವರ್‌ನಿಂದ ಕನಿಷ್ಠ 20 ಸೆಂಟಿಮೀಟರ್ ದೂರ, ಹುಡುಕುವಾಗ 50 ಸೆಂಟಿಮೀಟರ್ ದೂರ. ಪ್ರೋಬ್ 240 ಸೆಂಟಿಮೀಟರ್ ಅಥವಾ ಹೆಚ್ಚು. ಸಲಿಕೆ ಅಲ್ಯೂಮಿನಿಯಮ್ಮಿನದು. ಪ್ಲಾಸ್ಟಿಕ್ ಸಲಿಕೆ ಕುಸಿದು ಗಟ್ಟಿಯಾದ ಹಿಮಕ್ಕೆ ತಾಗಿ ಮುರಿಯುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣ ಸಮಯದ ಲೆಕ್ಕ. ಪೂರ್ತಿ ಹೂತುಹೋದವರನ್ನು ಮೊದಲ 10 ನಿಮಿಷದಲ್ಲಿ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಉಳಿಯುವುದು ಮೂವರಲ್ಲಿ ಒಬ್ಬರಷ್ಟೇ. ಆ ಹತ್ತು ನಿಮಿಷದಲ್ಲಿ ಪೊಲೀಸರೋ ಸೇನೆಯೋ ಸ್ಕೀ ಪೆಟ್ರೋಲೋ ನಿಮ್ಮನ್ನು ತಲುಪುವುದು ಬಹುತೇಕ ಅಸಾಧ್ಯ. ಅಲ್ಲಿ ಇರುವವರು ನೀವೇ.

ಹುಡುಕುವ ಕ್ರಮ ಹೀಗೆ. ಕುಸಿತ ಶುರುವಾದೊಡನೆ ಗೆಳೆಯನನ್ನು ಕೊನೆಯದಾಗಿ ಕಂಡ ಜಾಗದ ಮೇಲೆ ಕಣ್ಣು ನೆಟ್ಟಿರಿ. ನಿಂತ ಮೇಲೆ ಇನ್ನೊಂದು ಕುಸಿತ ಬರುವಂತಿದೆಯೇ ನೋಡಿ. ಉಳಿದ ಮೂವರೂ ಟ್ರಾನ್ಸೀವರನ್ನು ಹುಡುಕಾಟಕ್ಕೆ ಬದಲಿಸಿ, ಒಬ್ಬರು ಜೋರಾಗಿ ಕೂಗಿ ಖಚಿತಪಡಿಸಬೇಕು. ಒಬ್ಬರದು ಕಳಿಸುವ ಸ್ಥಿತಿಯಲ್ಲೇ ಉಳಿದರೆ ಎಲ್ಲರೂ ಅವರನ್ನೇ ಹುಡುಕಿಕೊಂಡು ಹೋಗುತ್ತೀರಿ, ಅಭ್ಯಾಸವಿಲ್ಲದ ಗುಂಪುಗಳಲ್ಲಿ ಆಗುವ ಮೊದಲ ತಪ್ಪು ಇದೇ. ಕೊನೆಗೆ ಕಂಡ ಜಾಗದಿಂದ ಕೆಳಕ್ಕೆ, ಸಾಲುಗಳ ನಡುವೆ 40 ಮೀಟರ್, ಅಂಚಿನಿಂದ 20 ಮೀಟರ್ ಬಿಟ್ಟು ಹುಡುಕಿ. ಹಿಮದ ಮೇಲೆ ಕೈಗವಸು, ಪೋಲ್ ಕಾಣುತ್ತಿದೆಯೇ ಎಂದು ಕಣ್ಣಲ್ಲೂ ಹುಡುಕುತ್ತಿರಿ. ಸಂಕೇತ ಸಿಕ್ಕಿದ ಮೇಲೆ ಓಡಬಹುದು, 10 ಮೀಟರ್ ತೋರಿಸಿದಾಗ ನಿಧಾನ, 3 ಮೀಟರ್ ತೋರಿಸಿದಾಗ ಟ್ರಾನ್ಸೀವರನ್ನು ಹಿಮಕ್ಕೆ ತಾಗಿಸಿ, ತಿರುಗಿಸದೆ, ಕೂಡಿಸುವ ಚಿಹ್ನೆಯಂತೆ ಅಡ್ಡಕ್ಕೂ ಉದ್ದಕ್ಕೂ ಸರಿಸಿ. ಅತಿ ಕಡಿಮೆ ಸಂಖ್ಯೆ ಬಂದಲ್ಲಿಂದ ಪ್ರೋಬನ್ನು ಇಳಿಜಾರಿಗೆ ಲಂಬವಾಗಿ, 25 ಸೆಂಟಿಮೀಟರಿಗೊಂದರಂತೆ ಸುರುಳಿಯಾಗಿ ಚುಚ್ಚುತ್ತಾ ಹೋಗಿ. ತಾಗಿದರೆ ಪ್ರೋಬನ್ನು ಕೀಳಬೇಡಿ, ಅಗೆಯುವವರಿಗೆ ಅದೇ ಗುರುತು.

ಅಗೆಯುವುದೇ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವ ಕೆಲಸ. ಒಂದು ಮೀಟರ್ ಆಳಕ್ಕೆ ಹೋಗಬೇಕಾದರೆ ಟನ್ ಲೆಕ್ಕದಲ್ಲಿ ಹಿಮ ಸರಿಸಬೇಕು. ಪ್ರೋಬ್ ಪಕ್ಕದಲ್ಲಿ ಬಾವಿ ತೋಡಿದಂತೆ ನೇರ ಕೆಳಕ್ಕೆ ಅಗೆಯಬೇಡಿ, ಹಿಮ ಮತ್ತೆ ಒಳಗೇ ಬೀಳುತ್ತದೆ, ಸಿಕ್ಕಿಕೊಂಡವರ ಮೇಲೆ ನೀವೇ ನಿಂತಿರುತ್ತೀರಿ. ಹೂತ ಆಳದ ಒಂದೂವರೆ ಪಟ್ಟು ದೂರ ಇಳಿಜಾರಿನ ಕೆಳಗಡೆ ಸರಿದು, ಅಲ್ಲಿಂದ ಬೆಟ್ಟದೊಳಕ್ಕೆ ಅಗೆಯಿರಿ. ಒಬ್ಬರು ಮುಂದೆ ಹಿಮವನ್ನು ತುಂಡರಿಸುವುದು, ಹಿಂದಿನವರು ಅದನ್ನು ದೂಡುವುದು, ನಿಮಿಷಕ್ಕೊಮ್ಮೆ ಜಾಗ ಬದಲು. ಮೊದಲು ಬಾಯಿ ಮೂಗು, ಆಮೇಲೆ ಎದೆ.

ಇದನ್ನು ಬೆಂಗಳೂರಿನಲ್ಲೇ ಅಭ್ಯಾಸ ಮಾಡಬಹುದು, ಮಾಡಲೇಬೇಕು. ಕರೆಂಟು ತಂತಿ, ಯುಪಿಎಸ್, ತಂತಿಬೇಲಿ ಹತ್ತಿರವಿಲ್ಲದ ದೊಡ್ಡ ಮೈದಾನವೊಂದರಲ್ಲಿ ಅನುಮತಿ ಕೇಳಿ, ಒಂದು ಟ್ರಾನ್ಸೀವರನ್ನು ಡಬ್ಬಿಗೆ ಹಾಕಿ ಒಣಗಿದ ಎಲೆಗಳ ಕೆಳಗೆ ಬಚ್ಚಿಡಿ. 50 ಮೀಟರ್ ಚೌಕದೊಳಗೆ ಪ್ರತಿಯೊಬ್ಬರೂ ಒಂಟಿಯಾಗಿ ಐದು ನಿಮಿಷದೊಳಗೆ ಗುರುತಿಸುವ ತನಕ ವಾರವಾರ ಮಾಡಿ. ಅಗೆಯುವ ಅಭ್ಯಾಸಕ್ಕೆ ಪರಿಚಯದ ಮೇಸ್ತ್ರಿಯನ್ನು ಕೇಳಿ, ಕಟ್ಟಡದ ಮುಂದೆ ಸುರಿದ ಎಂ-ಸ್ಯಾಂಡ್ ರಾಶಿಯ ಮೇಲೆ ಸಲಿಕೆ ಹಿಡಿಯಿರಿ. ಒದ್ದೆ ಮರಳಿನಲ್ಲಿ ಹತ್ತು ನಿಮಿಷ ಸರದಿಯಂತೆ ಅಗೆದರೆ ತೋಳು ಎಲ್ಲಿ ಸೋಲುತ್ತದೆ ಎಂಬುದು ತಿಳಿಯುತ್ತದೆ. ಹಾಗೆಯೇ ಜಯಮಹಲ್ ಕಡೆಯ ಒಳಾಂಗಣ ಹಿಮದ ಪಾರ್ಕಿನಲ್ಲಿ ಸ್ಕೀ ಕಲಿಯಬಹುದೇ ಎಂದು ಕೇಳುವವರಿದ್ದಾರೆ. ಅದು ಮಕ್ಕಳ ಜೊತೆ ಆಡಿ ಬರುವ ಜಾಗ, ಸ್ಕೀ ಕಲಿಕೆಗಲ್ಲ. ಇನ್‌ಲೈನ್ ಸ್ಕೇಟಿಂಗ್ ಮಾಡಿದರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ದಾಟಿಸುವುದು ಮೈಗೂಡುತ್ತದೆ.

ಕಸುವಿಗೆ ನಂದಿ ಬೆಟ್ಟದ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲು ಒಳ್ಳೆಯದು, ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಎಂಟು ವಾರ, ವಾರಕ್ಕೊಮ್ಮೆ 8ರಿಂದ 10 ಕೆ.ಜಿ. ಚೀಲ ಹೊತ್ತು ಹತ್ತಿ ಇಳಿಯಿರಿ, ಕೊನೆಯ ವಾರಗಳಲ್ಲಿ ಎರಡು ಸಲ. ಸ್ಕೀಯರ್‌ನ ತೊಡೆ ಸೋಲುವುದು ಇಳಿಯುವಾಗ, ಆದ್ದರಿಂದ ಇಳಿಯುವುದನ್ನು ನಿಧಾನವಾಗಿ, ಮಂಡಿ ಬಾಗಿಸಿ ಮಾಡಿ. ವಾರದಲ್ಲಿ ಇನ್ನೆರಡು ದಿನ ಸ್ಕ್ವಾಟ್, ಲಂಜ್ ಮಾಡಿದರೆ ಸಾಕು.

ಸ್ಕೀ ವಿಷಯಕ್ಕೆ ಬಂದರೆ, ನೀವು ಔಲಿಯಲ್ಲಿ ಬಳಸಿದ ಬಾಡಿಗೆ ಸ್ಕೀಯಲ್ಲಿ ಹಿಮ್ಮಡಿ ಏಳುವುದಿಲ್ಲ, ಹತ್ತಲು ಆಗುವುದಿಲ್ಲ. ಹಿಮ್ಮಡಿ ಬಿಡಿಸಬಹುದಾದ ಟೂರಿಂಗ್ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿಸುವ ಕೊಂಡಿ), ನಡೆಯುವ ಸ್ಥಿತಿಗೆ ಬದಲಾಗುವ ಬೂಟು, ಸ್ಕೀಯ ಅಗಲಕ್ಕೆ ಕತ್ತರಿಸಿದ ಸ್ಕಿನ್ ಬೇಕು. ಗುಲ್ಮಾರ್ಗ್‌ನ ಆಳ ಹಿಮಕ್ಕೆ ಪಾದದಡಿಯಲ್ಲಿ 95ರಿಂದ 108 ಮಿಲಿಮೀಟರ್ ಅಗಲದ ಸ್ಕೀ ಸರಿ. ಗುಲ್ಮಾರ್ಗ್‌ನಲ್ಲಿ ಬಾಡಿಗೆಗೆ ಸಿಗುವ ಟೂರಿಂಗ್ ಸೆಟ್ ಎಣಿಕೆಯಷ್ಟೇ, ತಿಂಗಳು ಮೊದಲೇ ಅಳತೆ ಹೇಳಿ ಕಾದಿರಿಸಿ. ಬೂಟಿನ ಅಳತೆ ಪಾದದ ಉದ್ದದ ಸೆಂಟಿಮೀಟರ್. ನಮ್ಮಲ್ಲಿ ಅನೇಕರ ಪಾದ ಅಗಲ, ಹಾಗಾಗಿ ಉದ್ದಕ್ಕೆ ದೊಡ್ಡ ಸೈಜು ತೆಗೆದುಕೊಂಡು ಹಿಮ್ಮಡಿ ಆಡಿ ಬೊಬ್ಬೆ ಬರಿಸಿಕೊಳ್ಳುತ್ತಾರೆ. ಅಗಲ ಹೆಚ್ಚಿರುವ ಮಾದರಿ ಕೇಳಿ. ಒಳಬಟ್ಟೆ, ಫ್ಲೀಸ್, ಗಾಳಿತಡೆ ಜಾಕೆಟ್ಟು ಬೆಂಗಳೂರಿನ ಡೆಕಾತ್ಲಾನ್‌ನಲ್ಲೇ ಸಿಗುತ್ತವೆ. ಹತ್ತಿ ಬಟ್ಟೆ ಯಾವುದೂ ಮೈಗೆ ತಾಗಬಾರದು, ಬೆವರಿಗೆ ಒದ್ದೆಯಾದರೆ ನಿಂತ ಐದು ನಿಮಿಷದಲ್ಲಿ ನಡುಕ ಹತ್ತುತ್ತದೆ.

ಹತ್ತುವುದರಲ್ಲಿ ಹೊಸಬರು ಮಾಡುವ ತಪ್ಪು ಸ್ಕೀಯನ್ನು ಎತ್ತಿ ಎತ್ತಿ ಇಡುವುದು. ಎತ್ತಬೇಡಿ, ಹಿಮದ ಮೇಲೆ ಜಾರಿಸಿ. ದಾರಿಯನ್ನು 10ರಿಂದ 15 ಡಿಗ್ರಿ ಏರಿನಲ್ಲಿ ಹಾವಿನಂತೆ ಕೊಂಡೊಯ್ಯಿರಿ. ನೇರ ಹತ್ತಿದರೆ ಸ್ಕಿನ್ ಹಿಂದಕ್ಕೆ ಜಾರಿ ಶಕ್ತಿ ಸೋರುತ್ತದೆ. ಹೊತ್ತಿನ ಅಂದಾಜಿಗೆ ಒಂದು ಸುಲಭ ಲೆಕ್ಕ: ದೂರದ ಕಿಲೋಮೀಟರ್‌ಗೆ ಏರುವ ಎತ್ತರದ ನೂರು ಮೀಟರ್‌ಗಳನ್ನು ಕೂಡಿ 4ರಿಂದ ಭಾಗಿಸಿ. 4 ಕಿ.ಮೀ. ದೂರ, 600 ಮೀಟರ್ ಏರು ಎಂದರೆ 4 ಕೂಡಿಸು 6, ಹತ್ತನ್ನು 4ರಿಂದ ಭಾಗಿಸಿದರೆ ಎರಡೂವರೆ ಗಂಟೆ. 920 ಮೀಟರ್ ಎತ್ತರದ ಬೆಂಗಳೂರಿನಿಂದ ಹೋದವರು, ಅದೂ ಹೊಸಬರು, ಅದನ್ನು ಒಂದೂವರೆ ಪಟ್ಟು ಮಾಡಿ, ಕಾಲು ಕಮ್ಮಿ ನಾಲ್ಕು ಗಂಟೆ ಎನ್ನದೆ ನಾಲ್ಕು ಗಂಟೆ ಎಂದೇ ಇಟ್ಟುಕೊಳ್ಳಿ. ಎಲ್ಲೇ ಇದ್ದರೂ ಹಿಂತಿರುಗಬೇಕಾದ ಗಡಿಯಾರದ ಹೊತ್ತನ್ನು ಬೆಳಿಗ್ಗೆಯೇ ಗೊತ್ತುಮಾಡಿ. ಒಂದು ಗಂಟೆ ಎಂದಿದ್ದರೆ ಒಂದು ಗಂಟೆ.

ಮೇಲೆ ತಲುಪಿ ಹತ್ತುವ ಸ್ಥಿತಿಯಿಂದ ಇಳಿಯುವ ಸ್ಥಿತಿಗೆ ಬದಲಾಗುವಾಗಲೇ ಹೆಚ್ಚಿನ ಯಡವಟ್ಟುಗಳು. ಮೊದಲು ದಪ್ಪ ಜಾಕೆಟ್ ಹಾಕಿಕೊಳ್ಳಿ, ಆಮೇಲೆ ಉಳಿದ ಕೆಲಸ. ನಿಲ್ಲಲು ಒಂದು ಮೆಟ್ಟಿಲು ತುಳಿದು ಮಾಡಿ, ಒಂದೊಂದೇ ಸ್ಕೀ ಬಿಚ್ಚಿ, ಬಿಚ್ಚಿದ್ದನ್ನು ಹಿಮಕ್ಕೆ ಚುಚ್ಚಿ ನಿಲ್ಲಿಸಿ. ಜಾರಿ ಹೋದ ಒಂಟಿ ಸ್ಕೀ ಕಣಿವೆ ಸೇರಿದರೆ ಸೊಂಟದಾಳ ಹಿಮದಲ್ಲಿ ನಡೆದು ವಾಪಸಾಗಬೇಕು. ಸ್ಕಿನ್ನಿನ ಅಂಟು ಭಾಗಕ್ಕೆ ಹಿಮ ತಾಗದಂತೆ ಮಡಿಸಿ ಜಾಕೆಟ್ಟಿನೊಳಗೆ ಇಡಿ, ಚೀಲದಲ್ಲಿ ಇಟ್ಟರೆ ಅಂಟು ತಣ್ಣಗಾಗಿ ಮತ್ತೆ ಹತ್ತುವಾಗ ಹಿಡಿಯುವುದಿಲ್ಲ. ಪಿನ್ ಬೈಂಡಿಂಗ್ (ಬೂಟಿನ ಮೂತಿಯನ್ನು ಎರಡು ಪಿನ್‌ಗಳು ಹಿಡಿಯುವ ಬಗೆ) ಆದರೆ ಮುಂಭಾಗದ ಸ್ಪ್ರಿಂಗಿನ ಕೆಳಗೂ ಬೂಟಿನ ಮೂತಿಯ ತೂತುಗಳಲ್ಲೂ ಕೂತ ಮಂಜುಗಡ್ಡೆಯನ್ನು ಪೋಲಿನ ತುದಿಯಿಂದ ಕೆರೆದು ತೆಗೆಯಿರಿ. ಅದು ಉಳಿದರೆ ಎರಡನೇ ತಿರುವಿನಲ್ಲೇ ಸ್ಕೀ ಕಳಚುತ್ತದೆ. ಮುಂದಿನ ಲಿವರ್ ಹತ್ತುವಾಗ ಮೇಲೆ, ಇಳಿಯುವಾಗ ಕೆಳಗೆ. ಮೇಲೆಯೇ ಬಿಟ್ಟು ಇಳಿದರೆ ಬಿದ್ದಾಗ ಸ್ಕೀ ಕಳಚಿಕೊಳ್ಳದೆ ಮೊಣಕಾಲು ತಿರುಚುತ್ತದೆ, ಕುಸಿತಕ್ಕೆ ಸಿಕ್ಕರೆ ಸ್ಕೀಯೇ ಲಂಗರಿನಂತೆ ಕೆಳಕ್ಕೆ ಎಳೆಯುತ್ತದೆ. ಕೊನೆಗೆ ಬೂಟನ್ನು ಇಳಿಯುವ ಸ್ಥಿತಿಗೆ ಬಿಗಿದು, ಪೋಲಿನ ಪಟ್ಟಿಯಿಂದ ಕೈ ಬಿಡಿಸಿಕೊಳ್ಳಿ.

ಗುಂಪಿಗೆ ಒಂದು ರಿಪೇರಿ ಚೀಲ ಸಾಕು: ಮಲ್ಟಿಟೂಲ್, ಬೈಂಡಿಂಗಿನ ಸ್ಕ್ರೂಗೆ ಹೊಂದುವ ಪಿಝಡ್-3 ಬಿಟ್, ರಬ್ಬರಿನಂಥ ಸ್ಕೀ ಪಟ್ಟಿ ನಾಲ್ಕು, ಪೋಲಿಗೆ ಸುತ್ತಿಟ್ಟ ಡಕ್ಟ್ ಟೇಪು, ಸ್ವಲ್ಪ ಕಟ್ಟುವ ತಂತಿ, ಒಂದು ಮೇಣದಬತ್ತಿ. ಬಿಸಿಲಿನಿಂದ ನೆರಳಿಗೆ ಬಂದಾಗ ಒದ್ದೆ ಸ್ಕಿನ್ನಿಗೆ ಹಿಮ ಮುದ್ದೆಗಟ್ಟುತ್ತದೆ, ಆಗ ಮೇಣ ಉಜ್ಜಿ. ಅಂಟು ಬಿಟ್ಟ ಸ್ಕಿನ್ನನ್ನು ಸ್ಕೀ ಪಟ್ಟಿಯಿಂದ ಬಿಗಿದು ಊರು ಸೇರಬಹುದು. ತಿನ್ನಲು ಶೇಂಗಾ ಚಿಕ್ಕಿ, ಹುರಿಗಡಲೆ, ಖರ್ಜೂರ, ಒಣದ್ರಾಕ್ಷಿ. ಬಾಳೆಹಣ್ಣು ಗಡ್ಡೆ ಕಟ್ಟುತ್ತದೆ. ಥರ್ಮಾಸಿನಲ್ಲಿ ಬಿಸಿ ನೀರು, ಸಕ್ಕರೆ, ಚಿಟಿಕೆ ಉಪ್ಪು.

ಕಾಡಿನಲ್ಲಿ ಹಿಮಕುಸಿತ ಕಡಿಮೆ, ಆದರೆ ಅಲ್ಲಿ ಬೇರೆ ಬಲೆ ಇದೆ. ಹೊಸ ಹಿಮದ ನಂತರ ಫರ್ ಮರಗಳ ಕೊಂಬೆಯ ಕೆಳಗೆ, ಬುಡದ ಸುತ್ತ ಸಡಿಲ ಹಿಮದ ಬಾವಿ ಇರುತ್ತದೆ. ತಲೆಕೆಳಗಾಗಿ ಅದರೊಳಗೆ ಬಿದ್ದವರು ತಾವಾಗಿ ಹೊರಬರುವುದು ತೀರಾ ಕಷ್ಟ, ಉಸಿರುಕಟ್ಟಿ ಸಾಯುತ್ತಾರೆ. ಆದ್ದರಿಂದ ಕಾಡಿನಲ್ಲಿ ಜೋಡಿಯಾಗಿ, ಪರಸ್ಪರ ಕಾಣುವ ಹಾಗೆ, ಕೊರಳಲ್ಲಿ ಸೀಟಿ ಕಟ್ಟಿಕೊಂಡು ಇಳಿಯಿರಿ. ತೆರೆದ ಇಳಿಜಾರಿನಲ್ಲಿ ಇದಕ್ಕೆ ಉಲ್ಟಾ: ಒಬ್ಬೊಬ್ಬರೇ ಇಳಿಯಬೇಕು, ಉಳಿದವರು ಕುಸಿತದ ದಾರಿಯಿಂದ ಆಚೆ, ದಿಬ್ಬದ ಮೇಲೋ ದಟ್ಟ ಮರದ ಮರೆಯಲ್ಲೋ ನಿಂತು ಅವರನ್ನೇ ನೋಡುತ್ತಿರಬೇಕು. ಇಳಿದವರು ಇಳಿಜಾರಿನ ಬುಡದಲ್ಲೇ ನಿಂತು ಫೋಟೋ ತೆಗೆಯುವುದನ್ನು ಬಿಡಬೇಕು.

ಗೈಡ್ ಆರಿಸುವಾಗ ಸಂಕೋಚ ಬಿಟ್ಟು ಕೇಳಿ: ಹಿಮಕುಸಿತದ ತರಬೇತಿ ಎಲ್ಲಿ, ಯಾವ ಹಂತದವರೆಗೆ ಆಗಿದೆ? ಪ್ರಥಮ ಚಿಕಿತ್ಸೆಯ ತರಬೇತಿ ಕೊನೆಯ ಸಲ ಯಾವಾಗ? ಕಳೆದ ಸೀಸನ್‌ನಲ್ಲಿ ಎಷ್ಟು ಸಲ ಅರ್ಧದಿಂದ ವಾಪಸಾದಿರಿ, ಏಕೆ? ಕೊನೆಯ ಪ್ರಶ್ನೆಗೆ ತಡವರಿಸದೆ ವಿವರವಾಗಿ ಉತ್ತರಿಸುವವರೇ ನಿಮಗೆ ಬೇಕಾದವರು. ಆದರೂ ಗೈಡ್ ಇದ್ದಾರೆಂದು ಕಣ್ಣು ಮುಚ್ಚಬೇಡಿ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ-2ರಲ್ಲಿ ಪರ್ವತಾರೋಹಣ ತರಬೇತಿಯಲ್ಲಿದ್ದ 25ಕ್ಕೂ ಹೆಚ್ಚು ಮಂದಿ ಹಿಮಕುಸಿತಕ್ಕೆ ಬಲಿಯಾದರು, ಅವರಲ್ಲಿ ಕರ್ನಾಟಕದವರೂ ಇದ್ದರು. ತರಬೇತಿ ಪಡೆದವರ ನಡುವೆ ಇದ್ದರೂ ಹಿಮ ಹಿಮವೇ.

ಗೆಳೆಯರ ಗುಂಪಿನಲ್ಲಿ ಮೌನ ಬಹಳ ಅಪಾಯ. ಎರಡು ಸೀಸನ್ ಮಾಡಿದ ಗೆಳೆಯ ಮುಂದೆ ಹೋಗುತ್ತಾನೆ, ಮೂರು ದಿನದ ಅನುಭವದವಳು ‘ನನ್ನಿಂದ ಎಲ್ಲರಿಗೂ ತೊಂದರೆ ಯಾಕೆ’ ಎಂದು ಸುಮ್ಮನಿರುತ್ತಾಳೆ. ಬೆಂಗಳೂರಿನಲ್ಲೇ ಕೂತು ಒಪ್ಪಂದ ಮಾಡಿಕೊಳ್ಳಿ: ಯಾರೊಬ್ಬರು ಬೇಡ ಎಂದರೂ ಬೇಡ, ಕಾರಣ ಕೇಳುವಂತಿಲ್ಲ, ರಾತ್ರಿ ಊಟಕ್ಕೆ ಕೂತಾಗ ಆ ಮಾತು ಎತ್ತಿ ಹಂಗಿಸುವಂತಿಲ್ಲ. ಪ್ರತಿ ನಿಲುಗಡೆಯಲ್ಲೂ ಎಲ್ಲರಿಗಿಂತ ಕಡಿಮೆ ಅನುಭವ ಇರುವವರು ಮೊದಲು ಮಾತಾಡಬೇಕು. ಮುಂದಾಳು ಮೊದಲು ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ಹೂಂಗುಟ್ಟುವುದೇ ಹೆಚ್ಚು. ಬೇರೆಯವರ ಸ್ಕೀ ಗುರುತು ಇಳಿಜಾರಿನ ಮೇಲೆ ಇದೆ ಎಂಬುದನ್ನು ಕಾರಣವಾಗಿ ಯಾರೂ ಹೇಳಕೂಡದು. ಐದನೆಯವನ ಕಾಲಿಗೆ ಮುರಿಯುವ ಪದರ ಮೊದಲ ನಾಲ್ವರನ್ನು ಬಿಟ್ಟಿರಬಹುದು.

ಸಂಪರ್ಕದ ವಿಷಯ ಚಿಕ್ಕದು, ಆದರೆ ಜೈಲಿಗೆ ಕಳಿಸಬಲ್ಲದು. ಸ್ಯಾಟಲೈಟ್ ಫೋನ್, ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್‌ನಂಥ ಸಾಧನ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಅಮೆರಿಕದಲ್ಲಿರುವ ಅಣ್ಣ ತಂದುಕೊಟ್ಟದ್ದಿದ್ದರೆ ಮನೆಯಲ್ಲೇ ಬಿಡಿ. ಹೆಚ್ಚಿನ ವಾಕಿಟಾಕಿಗಳಿಗೂ ಪರವಾನಗಿ ಬೇಕು. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಕನಿಷ್ಠ ಇಬ್ಬರ ಬಳಿ ಬೇರೆ ಬೇರೆ ಕಂಪನಿಯ ಪೋಸ್ಟ್‌ಪೇಯ್ಡ್ ಇರಲಿ. ತುರ್ತು ಕರೆ 112. ದಿನವೂ ಹೊರಡುವ ಮುನ್ನ ಹೋಟೆಲಿನವರ ಕೈಗೆ ಹೋಗುವ ದಾರಿ, ಹಿಂತಿರುಗುವ ಹೊತ್ತು, ಗೈಡ್‌ನ ನಂಬರು ಬರೆದ ಚೀಟಿ ಕೊಡಿ. ವಿಮೆ ಮಾಡಿಸಿದರೆ ಆಫ್-ಪಿಸ್ಟ್ (ರೆಸಾರ್ಟಿನ ಇಳಿಜಾರಿನ ಹೊರಗಿನ) ಸ್ಕೀಯಿಂಗ್ ಸೇರಿದೆಯೇ ಎಂದು ಷರತ್ತು ಓದಿ, ಸಾಮಾನ್ಯ ಪ್ರವಾಸ ವಿಮೆಯಲ್ಲಿ ಅದನ್ನು ಹೊರಗಿಟ್ಟಿರುವುದೇ ಹೆಚ್ಚು.

ಎತ್ತರದ ಕಾಯಿಲೆಗೆ ಗೊಂಡೋಲಾ ಒಂದು ಮೋಸದ ಏಣಿ. ಬೆಳಿಗ್ಗೆ ಬೆಂಗಳೂರು, ಮರುದಿನ 3,950 ಮೀಟರ್ ಎಂದರೆ ಮೈ ಒಗ್ಗಲು ಹೊತ್ತೇ ಇಲ್ಲ. ಮೊದಲ ಎರಡು ದಿನ ಕೊಂಗ್‌ದೂರಿಗಿಂತ ಮೇಲೆ ಹೋಗಬೇಡಿ. ತಲೆನೋವಿನ ಜೊತೆ ವಾಂತಿ, ತೂರಾಡುವ ನಡಿಗೆ, ಕೂತಲ್ಲೇ ಏದುಸಿರು ಕಂಡರೆ ಬೆಳಗಿನವರೆಗೆ ಕಾಯದೆ ಕೆಳಗಿಳಿಸಿ ವೈದ್ಯರ ಬಳಿ ಒಯ್ಯಿರಿ. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಬೇಕೇ ಎಂಬುದನ್ನು ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

ನಿಮ್ಮ ಏಳು ದಿನವನ್ನು ನಾನಾದರೆ ಹೀಗೆ ಹಂಚುತ್ತೇನೆ. ಮೊದಲ ದಿನ ಪ್ರಯಾಣ, ಸಂಜೆ ಬೂಟು, ಬೈಂಡಿಂಗ್ ಹೊಂದಿಸುವುದು. ಎರಡನೇ ದಿನ ಊರಿನ ಸಮತಟ್ಟು ಬಯಲಿನಲ್ಲಿ ಸ್ಕಿನ್ ಹಾಕಿ ನಡೆಯುವುದು, ಕಿಕ್ ಟರ್ನ್ (ನಿಂತಲ್ಲೇ ಒಂದೊಂದೇ ಸ್ಕೀ ತಿರುಗಿಸಿ ದಿಕ್ಕು ಬದಲಿಸುವುದು), ಹತ್ತುವ ಸ್ಥಿತಿಯಿಂದ ಇಳಿಯುವ ಸ್ಥಿತಿಗೆ ಬದಲಿಸುವುದನ್ನು ಹತ್ತು ಸಲ. ಮೂರನೇ ದಿನ ಹಿಮದಲ್ಲಿ ಗೈಡ್ ಎದುರಿಗೆ ಟ್ರಾನ್ಸೀವರ್ ಮತ್ತು ಅಗೆಯುವ ಅಭ್ಯಾಸ, ಮಧ್ಯಾಹ್ನ ಮೊದಲ ಹಂತದ ಇಳಿಜಾರು. ನಾಲ್ಕು ಮತ್ತು ಐದನೇ ದಿನ ಮೂವರು ಗೈಡ್ ಜೊತೆ ಬಾಬಾರೇಶಿ ಕಡೆಯ ಕಾಡಿನಲ್ಲಿ, ಕೆಳಗೆ ಟ್ಯಾಕ್ಸಿ ಕಾದಿರಿಸಿ. ನಾಲ್ಕನೆಯವರು ಆ ಎರಡು ದಿನ ಊರಲ್ಲೇ ತರಬೇತುದಾರರ ಜೊತೆ ಇರಲಿ, ಕಾಡಿಗೆ ಎಳೆದೊಯ್ಯಬೇಡಿ. ಆರನೇ ದಿನವನ್ನು ಖಾಲಿ ಬಿಡಿ, ಹವಾಮಾನ ಒಂದು ದಿನ ತಿನ್ನುವುದು ಖಚಿತ. ಏಳನೇ ದಿನ ವಾಪಸ್. ಅಫರ್ವಾಟ್ ಈ ಪಟ್ಟಿಯಲ್ಲಿ ಇಲ್ಲವೆಂದು ಬೇಸರವಾಗಬಹುದು. ಎರಡು ಸೀಸನ್ ಮಾಡಿದ ಗೆಳೆಯ ಮಟ್ಟ 1 ಇದ್ದು, ಗೈಡ್ ಒಪ್ಪಿದರೆ, ಪೆಟ್ರೋಲ್ ತೆರೆದಿರುವ ಭಾಗದಲ್ಲಿ ಮಾತ್ರ ಒಮ್ಮೆ ಇಳಿಯಲಿ.

ಟಿಕೆಟ್ ವಿಷಯ. ಬುಕ್ ಮಾಡಿ, ಆದರೆ ದಿನ ಬದಲಿಸಬಹುದಾದ ಟಿಕೆಟ್ಟನ್ನೇ ಮಾಡಿ, ಸ್ವಲ್ಪ ಹೆಚ್ಚು ಹಣ ಹೋದರೂ ಸರಿ. ಸಾಧ್ಯವಾದರೆ ರಜೆಯನ್ನು ಎರಡು ವಾರಗಳಲ್ಲಿ ಯಾವುದಾದರೂ ಒಂದು ಎಂದು ಈಗಲೇ ಮಾತಾಡಿಟ್ಟುಕೊಳ್ಳಿ. ದೇಶದೊಳಗಿನ ಎಕಾನಮಿ ಟಿಕೆಟ್ಟಿಗೆ ಸಾಮಾನ್ಯವಾಗಿ 15 ಕೆ.ಜಿ. ಲಗೇಜು ಮಾತ್ರ, ಬೂಟು ಒಂದೇ ಮೂರು ಕೆ.ಜಿ. ದಾಟುತ್ತದೆ, ಹೆಚ್ಚುವರಿ ತೂಕವನ್ನು ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಿ. ಸಲಿಕೆ, ಪ್ರೋಬ್, ಮಲ್ಟಿಟೂಲ್ ಚೆಕ್-ಇನ್ ಬ್ಯಾಗಿಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ. ಮತ್ತು ಟಿಕೆಟ್ಟಿಗೂ ಮೊದಲು ನಾಲ್ಕು ಟ್ರಾನ್ಸೀವರ್ ಎಲ್ಲಿಂದ ಬರುತ್ತವೆ ಎಂಬುದು ಇತ್ಯರ್ಥವಾಗಲಿ. ಡಿಸೆಂಬರ್ ಮೊದಲ ವಾರದೊಳಗೆ ಅವು ನಿಮ್ಮ ಕೈಗೆ ಬರದಿದ್ದರೆ ಈ ಸಲ ರೆಸಾರ್ಟಿನ ಇಳಿಜಾರಿನಲ್ಲೇ ಏಳು ದಿನ ಕಳೆಯಿರಿ.